ಯಾರೂ ಎತ್ತಬಾರದೆಂದ ಮನೆ

ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಗಳಿಗೆ ಹೋಗಿ ಕೂಡುವುದು ನನ್ನ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಅಂಥ ಮನೆಗಳನ್ನು ಹುಡುಕುತ್ತ ಹುಡುಕುತ್ತ ನನ್ನ ತಲೆ ಬೆಳ್ಳಗಾಗಿದೆ. ಬೇವಿನ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಬೆನ್ನ ಮೇಲೆ ಚೀಲ ಹೊತ್ತು ಕುಸಿದವರು. ಜೊತೆಗೆ ಬರುವ ಕಿರಿಯ ಸಂಶೋಧಕರು ಮೊದಲು ಕೇಳುವುದು, ಹೇಗೆ ಬಿದ್ದಿರಿ ಎಂದು. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮನ್ನು ಎತ್ತುವವರು ಯಾರು ಎಂಬುದು ನನ್ನ ಮೊದಲ ಪ್ರಶ್ನೆ. ಇದನ್ನು ಕೇಳಿದ ಕೂಡಲೇ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆ ಮನೆಯ ಬಗ್ಗೆ ನನಗೆ ತಿಳಿಯಬೇಕಾದ್ದರಲ್ಲಿ ಅರ್ಧ ತಿಳಿದಂತೆಯೇ. ಪ್ರಶ್ನೆಯನ್ನು ನಾನು ಓದಿನಿಂದ ಪಡೆದಿಲ್ಲ. ತುರ್ವಿಹಾಳದ ನಮ್ಮ ಮನೆಯಿಂದ ತಂದದ್ದು. ಅಲ್ಲಿಂದ ತಂದ ಬೇರೆ ಯಾವುದೂ ಇಷ್ಟು ಕಾಲ ಬಾಳಿಕೆ ಬಂದಿಲ್ಲ. ಆ ಮನೆಯ ಮೇಲೆ ನನಗೆ ಪ್ರೀತಿ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಬಹುದು.

ಮನೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಬೀದಿ ಬಾಗಿಲು ದಾಟಿದರೆ ಮೊದಲು ಸಿಗುವುದು ಎಮ್ಮೆ ಕಟ್ಟುವ ಜಾಗ. ಅಲ್ಲಿಂದ ಮೊಳಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡಿಗೆಮನೆ, ಅದರ ಹಿಂದೆ ಬಚ್ಚಲು, ಆಚೆ ಹಿತ್ತಲು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಒಂದು ಹೊಸ್ತಿಲು ದಾಟಬೇಕು. ಅವು ಬರೀ ಹೊಸ್ತಿಲಲ್ಲ, ಗೇಣೆತ್ತರದ ಕಟ್ಟಿಗೆಯ ದಿಮ್ಮಿಗಳು. ಪ್ರತಿ ಶುಕ್ರವಾರ ಅವ್ವ ಅವಕ್ಕೆ ಅರಿಸಿನ ಬಳಿಯುತ್ತಿದ್ದಳು. ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲ ಗದ್ದೆಯಾಗಿತ್ತು, ಪಡಸಾಲೆಯ ಅರ್ಧ ಭತ್ತದ ಚೀಲಗಳ ಪಾಲಾಗಿತ್ತು. ಅಪ್ಪನ ತಾಯಿ ಆಯಿ ಆ ಚೀಲಗಳಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಳೇ ಹೊರತು ಅನ್ನ ಮುಟ್ಟುತ್ತಿರಲಿಲ್ಲ. ಅವಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ಅನ್ನ ಉಂಡವರ ಎಲುಬು ಮೆತ್ತಗೆ ಎಂಬುದು ಅವಳ ವಾದ. ದೊಡ್ಡಪ್ಪನ ಹೆಂಡತಿ ದೊಡ್ಡವ್ವನಿಗೆ ರೊಟ್ಟಿ ಬಡಿಯುವುದೆಂದರೆ ಮೈಯೆಲ್ಲ ಸಿಟ್ಟು. ಬಡಿಯುವ ಸದ್ದಿನಲ್ಲೇ ಆ ದಿನ ಅವಳು ಯಾರನ್ನು ಬೈಯುತ್ತಿದ್ದಾಳೆಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಅವ್ವ ಇಬ್ಬರ ನಡುವೆ ಕೂತು ಒಲೆಗೆ ಉರಿ ಹಾಕುವವಳು. ಹುಕುಂ ಮಾತ್ರ ದೊಡ್ಡಪ್ಪನದು. ಯಾವ ಗದ್ದೆಗೆ ಯಾವಾಗ ನೀರು, ಯಾವ ಹಬ್ಬಕ್ಕೆ ಯಾರು ತವರಿಗೆ, ಎಲ್ಲವನ್ನೂ ಅವನು ಊಟದ ತಟ್ಟೆಯ ಮುಂದೆ ಕೂತು ಒಂದೇ ಸಲ ಹೇಳುತ್ತಿದ್ದ. ಎರಡನೇ ಸಲ ಹೇಳಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪ ದೊಡ್ಡಪ್ಪನಿಗೆ ಒಬ್ಬನೇ ತಮ್ಮ, ಊರ ಬಯಲಾಟದ ವೇಷಗಾರ. ನಮ್ಮ ಕಡೆ ವೇಷಕ್ಕೆ ಸೋಗು ಎನ್ನುತ್ತಾರೆ. ಸುಳ್ಳು ನಟನೆಗೂ ಅದೇ ಮಾತು. ಈ ಒಂದು ಶಬ್ದದ ಎರಡು ಅರ್ಥಗಳ ನಡುವೆ ನಮ್ಮ ಅಪ್ಪ ಸಿಕ್ಕಿಬಿದ್ದ. ಅವನಿಗೆ ರಾಜನ ಪಾತ್ರ ಸಿಗುತ್ತಿರಲಿಲ್ಲ, ಗಂಟಲು ಸಣ್ಣದು. ಬೆಳಗಾಗುವ ಹೊತ್ತಿಗೆ ಬಿದ್ದು ಸಾಯುವ ರಾಕ್ಷಸನ ಸೋಗು ಅವನದು. ಬೀಳುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ಸಿಂಧನೂರಿನವರೆಗೆ ಹೆಸರಿತ್ತು. ಆಟ ಕುಣಿಯುವ ಅಟ್ಟದ ಮೇಲಿಂದ ಹಿಂದಕ್ಕೆ ಬಿದ್ದರೆ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು, ಎಲ್ಲರಿಗಿಂತ ಮೊದಲು ದೊಡ್ಡಪ್ಪನ ಚಪ್ಪಾಳೆ. ಸುಗ್ಗಿ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಅಪ್ಪ ಪಡಸಾಲೆಯಲ್ಲಿ ಚೀಲಗಳ ಮೇಲೆ ಬೀಳುವ ತಾಲೀಮು ಮಾಡುತ್ತಿದ್ದ, ಆಯಿ ಭತ್ತ ಚೆಲ್ಲುತ್ತದೆಂದು ಬೈಯುತ್ತಿದ್ದಳು, ನಾನು ಕನ್ನಡಿ ಹಿಡಿದು ನಿಲ್ಲುತ್ತಿದ್ದೆ. ಅವನು ಎದೆಗೆ ಬಾಣ ನಾಟಿದಂತೆ ಮುಖ ಹಿಂಡಿ ಕನ್ನಡಿಯಲ್ಲಿ ನೋಡಿಕೊಳ್ಳುವನು, ಆಮೇಲೆ ಕಾಲು ಕುಸಿಯುವುದು. ಒಮ್ಮೆ ನಾನೂ ಬಿದ್ದು ತೋರಿಸಿದೆ. ಅವನು ನಕ್ಕು ತಲೆ ಅಲ್ಲಾಡಿಸಿದ.

"ಹಂಗಲ್ಲ ಶರಣಿ. ಪೆಟ್ಟು ಮೊದಲ ಮಾರಿಗೆ ಬೀಳಬೇಕು, ಆಮ್ಯಾಲೆ ಕಾಲಿಗೆ. ಕಾಲು ಮೊದಲ ಜಿಗದ್ರ ಮಂದಿ ನಗತಾರ."

ಮಾರಿ ಎಂದರೆ ಮುಖ. ಆಟದವರ ಪಾಠಗಳಲ್ಲಿ ನನಗೆ ದಕ್ಕಿದ್ದು ಇದೊಂದೇ.

ಅವನು ನಿಜವಾಗಿ ಬಿದ್ದಾಗ ನಾನು ಅಲ್ಲಿರಲಿಲ್ಲ. ಇದ್ದವರು ಹೇಳಿದ್ದರಲ್ಲಿ ಒಂದಕ್ಕೊಂದು ಹೊಂದುವಷ್ಟನ್ನು ಮಾತ್ರ ಬರೆಯುತ್ತೇನೆ. ಗೊರೇಬಾಳದ ಹತ್ತಿರದ ಗದ್ದೆಯಿಂದ ಟ್ರ್ಯಾಕ್ಟರು ಭತ್ತದ ಹುಲ್ಲು ಹೇರಿಕೊಂಡು ಹೊರಟಿತ್ತು. ಅಪ್ಪ ಹುಲ್ಲಿನ ಮೇಲೆ ಕೂತಿದ್ದ. ಕಾಲುವೆಯ ಸೇತುವೆ ಏರುವಾಗ ಟ್ರೇಲರ್ ವಾಲಿತು, ಅವನು ಹಿಂದಕ್ಕೆ ಬಿದ್ದ. ಹಿಂದೆ ನಡೆದು ಬರುತ್ತಿದ್ದವರಲ್ಲಿ ದೊಡ್ಡಪ್ಪನೂ ಇದ್ದ. ಬಿದ್ದ ಪರಿ ಥೇಟ್ ಬಯಲಾಟದ್ದೇ ಆಗಿತ್ತಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಕಾಲು ಎಲ್ಲಿ ಹೋದವು ಎಂದು ಅಪ್ಪ ಕೇಳಿದ. ಇನ್ನಷ್ಟು ನಕ್ಕರು. ಆಟ ಸಾಕು ಏಳು ಎಂದು ದೊಡ್ಡಪ್ಪ ಅವನ ಎರಡೂ ಕಂಕುಳಲ್ಲಿ ಕೈ ಹಾಕಿ ಜಗ್ಗಿ ನಿಲ್ಲಿಸಿದ, ಕೈ ಬಿಟ್ಟ. ಅಪ್ಪ ಮತ್ತೆ ಬಿದ್ದ. ಆಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುರಿದ ಬೆನ್ನನ್ನು ಹಾಗೆ ಜಗ್ಗಿ ನಿಲ್ಲಿಸಿದರೆ ಒಳಗೆ ಏನಾಗುತ್ತದೆ ಎಂದು ಈಗ ನಾನು ತರಬೇತಿಗಳಲ್ಲಿ ಹೇಳುತ್ತಿರುತ್ತೇನೆ. ಅಪ್ಪನ ಹುರಿ ಮೊದಲು ಬಿದ್ದಾಗ ಹೋಯಿತೋ, ಎರಡನೇ ಸಲ ಬಿದ್ದಾಗ ಹೋಯಿತೋ ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯನ್ನು ಅವನು ಪ್ರತಿ ದಿನ ಪಡಸಾಲೆಯಲ್ಲಿ ಕಣ್ಣೆದುರು ನೋಡಬೇಕಿತ್ತು. ತಮ್ಮನದು ಸೋಗು ಎಂದಾಗಿಬಿಟ್ಟರೆ ನೋಡುವುದು ಸುಲಭ. ಇದು ನನ್ನ ಊಹೆ, ಊಹೆಯೆಂದೇ ಬರೆದಿದ್ದೇನೆ.

ದೊಡ್ಡ ದವಾಖಾನೆಯಿಂದ ಮನೆಗೆ ತಂದಾಗ ಅಪ್ಪನಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದಷ್ಟೇ ಅಲ್ಲಿ ಹೇಳಿದ್ದರು. ಮೊದಮೊದಲು ಎಲ್ಲರೂ ಚೆನ್ನಾಗಿಯೇ ನಡೆದುಕೊಂಡರು. ದೊಡ್ಡಪ್ಪನೇ ಅವನನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದ, ದೊಡ್ಡವ್ವ ಮಜ್ಜಿಗೆ ಕಡೆದು ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಅವ್ವ ಅವನ ಕೌದಿ ಸರಿಸಿದಾಗ ಬಲಗಾಲು ಜಾಡಿಸಿ ಪಕ್ಕದಲ್ಲಿದ್ದ ತಂಬಿಗೆಯನ್ನು ಒದೆಯಿತು. ಆಯಿ ದೇವರಿಗೆ ದೀಪ ಹಚ್ಚಿದಳು, ದೊಡ್ಡವ್ವ ಹೋಳಿಗೆ ಮಾಡಿದಳು, ಕಾಲು ಬಂತೆಂದು ಓಣಿಗೆಲ್ಲ ಸುದ್ದಿಯಾಯಿತು. ಹುರಿ ಕಡಿದ ಜಾಗದಿಂದ ಕೆಳಗೆ ಕಾಲಿನ ಸ್ನಾಯುಗಳು ಮೆದುಳಿನ ಅಪ್ಪಣೆ ಕೇಳದೆ ತಾವೇ ಸೆಟೆಯುತ್ತವೆ, ಒದೆಯುತ್ತವೆ, ಅದಕ್ಕೂ ಮನುಷ್ಯನ ಇಚ್ಛೆಗೂ ಸಂಬಂಧವಿಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ಅದನ್ನು ಹೇಳುವುದೇ ನನ್ನ ಉದ್ಯೋಗ. ಇತ್ತೀಚೆಗೆ ಲಿಂಗಸುಗೂರು ಕಡೆಯ ಒಂದು ಮನೆಯಲ್ಲಿ ಹೇಳಿದೆ. ಹೇಳುವಾಗ ಹಾಸಿಗೆಯಲ್ಲಿದ್ದವನ ಕಡೆ ನೋಡಲಿಲ್ಲ, ಅವನಿಗೆ ಮೊದಲೇ ಗೊತ್ತಿತ್ತು. ಅವನ ಅಣ್ಣಂದಿರ ಕಡೆ ನೋಡಿಕೊಂಡು ಹೇಳಿದೆ.

ಹೋಳಿಗೆ ಉಂಡವರು ಅವನು ಎದ್ದು ನಿಲ್ಲುವುದನ್ನು ಕಾಯ್ದರು. ಕಾಲು ಒದೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಪ್ಪ ತಾನಾಗಿ ಒದೆಯುತ್ತಿಲ್ಲವೆಂದು ಎಷ್ಟು ಹೇಳಿದರೂ, ಮತ್ತೆ ಯಾರು ಒದೆಯಾಕತ್ತಾರ ಎಂದು ಕೇಳುತ್ತಿದ್ದರು. ಸಂತೋಷ ಸಂಶಯವಾಗುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಮೊದಲು ಬಾಯಿಬಿಟ್ಟವಳು ದೊಡ್ಡವ್ವ, ರೊಟ್ಟಿ ಬಡಿಯುತ್ತ.

"ತಂಬಿಗಿ ಒದಿಯೋ ಕಾಲಿಗೆ ನೆಲ ಮುಟ್ಟಾಕ ಏನು ದಾಡಿ?"

ದೊಡ್ಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಉಂಡು, ಕೈ ತೊಳೆದು, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಳ್ಳುತ್ತ ಪಡಸಾಲೆಯಲ್ಲಿದ್ದ ಅಪ್ಪನಿಗೂ ಕೇಳುವಂತೆ ಹೇಳಿದ.

"ಸೋಗು ಹಾಕ್ಯಾನ. ಇನ್ನ ಮ್ಯಾಲೆ ಅವನ್ನ ಯಾರೂ ಎತ್ತಂಗಿಲ್ಲ. ಅವಸರಾದ್ರ ತಾನ ಎದ್ದು ಬರ್ತಾನ."

ಆ ಮಾತಿನ ನಂತರದ ದಿನಗಳೇ ನನ್ನ ಬಾಲ್ಯ. ಮಿಕ್ಕದ್ದು ನನಗೆ ಅಷ್ಟಾಗಿ ನೆನಪಿಲ್ಲ. ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಮಡಿಸಿ ಅಪ್ಪನ ಬೆನ್ನ ಕೆಳಗೆ ತೂರಿಸುವಳು, ತಲೆಯ ಕಡೆಯ ತುದಿ ಅವಳ ಕೈಯಲ್ಲಿ, ಕಾಲಿನ ಕಡೆಯದು ನನ್ನ ಕೈಯಲ್ಲಿ. ಇಬ್ಬರಿಗೂ ಅವನನ್ನು ಎತ್ತುವ ಶಕ್ತಿ ಇರಲಿಲ್ಲ, ನೆಲದ ಮೇಲೆ ಜಾರಿಸುತ್ತ ಒಯ್ಯುತ್ತಿದ್ದೆವು. ಹೊಸ್ತಿಲು ಬಂದಾಗ ಅವ್ವ ಆಚೆ ನಿಂತು ಜಗ್ಗುವಳು, ನಾನು ಈಚೆಯಿಂದ ನೂಕುವೆನು. ಶುಕ್ರವಾರ ಬಳಿದ ಅರಿಸಿನ ಅಪ್ಪನ ಅಂಗಿಗೆಲ್ಲ ಹತ್ತುತ್ತಿತ್ತು. ಮದುಮಗ ಬಂದ ಎಂದು ದೊಡ್ಡವ್ವ ಒಲೆಯ ಮುಂದಿನಿಂದ ಅನ್ನುವಳು. ದೊಡ್ಡಪ್ಪ ಅದೇ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಬೀಡಿ ಸೇದುತ್ತ ನೋಡುತ್ತಿದ್ದ. ಭತ್ತದ ಚೀಲವನ್ನು ಒಂದೇ ಉಸಿರಿಗೆ ಎತ್ತಿ ಹೆಗಲಿಗೆ ಹಾಕುವ ಕೈ ಅವು. ಅವ್ವ ಒಮ್ಮೆ ಸೆರಗು ಮುಂದೆಳೆದುಕೊಂಡು ಅವನನ್ನು ಬೇಡಿದಳು. ನನ್ನನ್ನು ಕೇಳಬೇಡ, ನಿನ್ನ ಗಂಡನನ್ನು ಕೇಳು, ಅವನಿಗೆ ಆಟ ಯಾವಾಗ ಮುಗಿಸಬೇಕೆಂದಿದೆಯೋ ಎಂದ.

ಅಪ್ಪ ಉಣ್ಣುವುದನ್ನು ಕಡಿಮೆ ಮಾಡಿದ. ಉಂಡರೆ ಬಚ್ಚಲಿಗೆ ಹೋಗಬೇಕು, ಹೋಗಬೇಕಾದರೆ ನಾವಿಬ್ಬರೂ ಜಗ್ಗಬೇಕು. ನೀರು ಕುಡಿಯುವುದನ್ನೂ ಸಂಜೆಗೆ ಮುಂದೂಡುತ್ತಿದ್ದ. ದೊಡ್ಡವ್ವ ಇದನ್ನು ಗಮನಿಸಿ ತಟ್ಟೆಗೆ ಬಡಿಸುವಾಗಲೇ ಕಡಿಮೆ ಹಾಕತೊಡಗಿದಳು, ಒಂದು ದಿನ ಆಯಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಎಸೆದಳು. ಎಸೆದದ್ದೇ ಹೌದು, ಅವಳ ಮಮತೆಯೂ ಬೈಗಳದ ಹಾಗೆಯೇ ಬರುತ್ತಿತ್ತು. ಅಷ್ಟರಲ್ಲಿ ಅಪ್ಪನ ಸೊಂಟದ ಹಿಂದೆ ಹುಣ್ಣು ಶುರುವಾಗಿತ್ತು. ಮಲಗಿದವರನ್ನು ಆಗಾಗ ಎತ್ತಿ ಹೊರಳಿಸದಿದ್ದರೆ ಹುಣ್ಣು ಎಲುಬಿನವರೆಗೆ ಇಳಿಯುತ್ತದೆ, ಹಾಗೆ ಇಳಿದ ಹುಣ್ಣಿನಿಂದ ಮನುಷ್ಯ ಸಾಯುತ್ತಾನೆ. ಅವ್ವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ಹುಣ್ಣಿನ ವಾಸನೆಯೇ ಹೇಳಿಕೊಟ್ಟಿತ್ತು. ಮನೆಯಲ್ಲಿ ಎತ್ತಬಲ್ಲ ತೋಳುಗಳಿದ್ದವು. ಎತ್ತುವ ಹುಕುಂ ಇರಲಿಲ್ಲ. ಅಪ್ಪ ಖರೇ ಬಿದ್ದಿದ್ದಾನೆಂದು ಮನೆ ನಂಬಿದರೆ ಬದುಕುವನು, ನಂಬದಿದ್ದರೆ ಇಲ್ಲ. ಲೆಕ್ಕ ಇಷ್ಟೇ ಇತ್ತು, ನನ್ನಷ್ಟು ಸಣ್ಣವಳಿಗೂ ತಿಳಿಯುವಂಥದ್ದು.

ಒಂದು ಅಮಾವಾಸ್ಯೆಯ ಮಧ್ಯಾಹ್ನ ಬಯಲಾಟದ ಮೇಳದ ಮುಖ್ಯಸ್ಥ ಅಪ್ಪನನ್ನು ನೋಡಲು ಬಂದ. ಮುಕ್ಕುಂದದವನು, ಅಪ್ಪನಿಗೆ ಬಣ್ಣ ಹಚ್ಚುವುದನ್ನೂ ಬೀಳುವುದನ್ನೂ ಕಲಿಸಿದ ಮುದುಕ, ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಸಾಕ್ಷಿ ಸಿಕ್ಕಂತಾಯಿತು. ಬಿದ್ದ ಅಂಗಗಳಿಗೆ ಕಾವು ಕೊಡುವುದು ನಮ್ಮ ಕಡೆಯ ರೂಢಿ. ರೈಸ್ ಮಿಲ್ಲಿನ ತೌಡನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುತ್ತಾರೆ. ಆವತ್ತು ಚಲೋ ಕಾಸು ಎಂದು ದೊಡ್ಡಪ್ಪ ಅಡಿಗೆಮನೆಗೆ ಹೋಗಿ ಹೇಳಿದ್ದನ್ನು ನಾನು ಕೇಳಿದೆ. ದೊಡ್ಡವ್ವ ಗಂಟನ್ನು ಇಕ್ಕಳದಲ್ಲಿ ಹಿಡಿದು ತಂದಳು. ಅವಳು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಚೀಲಗಳಿಗೆ ಒರಗಿ ಕೂತಿದ್ದ ಅಪ್ಪನ ಬಲಪಾದದ ಕೆಳಗೆ ದೊಡ್ಡಪ್ಪ ಗಂಟನ್ನು ಇಟ್ಟು, ಮೇಲೆ ಕೌದಿ ಎಳೆದ.

ಅಪ್ಪನಿಗೆ ಅದರ ಕಡೆ ಗಮನವೇ ಇರಲಿಲ್ಲ. ಬಹಳ ದಿನದ ಮೇಲೆ ಆಟದ ಮಾತಾಡುವವರು ಸಿಕ್ಕಿದ್ದರು. ಒಂದೂರಿನಲ್ಲಿ ಮದ್ದಳೆಯವನು ಯುದ್ಧದ ನಡುವೆ ನಿದ್ದೆಗೆ ಜಾರಿ, ತಾನು ಸಾಯಲು ತಾಳ ಸಿಗದೆ ನಿಂತೇ ಇದ್ದದ್ದನ್ನು ಅವನು ಮಾಸ್ತರನಿಗೆ ಹೇಳುತ್ತಿದ್ದ. ಮಾಸ್ತರ ಮೀಸೆಯಲ್ಲೇ ನಗುತ್ತಿದ್ದ. ಕಥೆ ಮುಗಿಯುವ ಹೊತ್ತಿಗೆ ಕೌದಿಯ ಕೆಳಗಿಂದ ಕಾಲು ಸಿಡಿಯಿತು. ಗಂಟು ಹಾರಿ ಕಂಬಕ್ಕೆ ಬಡಿದು ಬಿಚ್ಚಿಕೊಂಡಿತು, ಪಡಸಾಲೆಯ ತುಂಬ ಬಿಸಿ ತೌಡು. ದೊಡ್ಡಪ್ಪ ಎರಡೂ ಕೈ ತಟ್ಟಿದ.

"ನೋಡಿದ್ರಿಲ್ಲೋ ಮಾಸ್ತರ? ಬಿಸಿ ತಾಗಿದ ಕೂಡ್ಲೇ ಹೆಂಗ ಎಳಕೊಂಡ. ಇವನ್ನ ನಾವು ಎತ್ತಬೇಕಂತ."

ದೊಡ್ಡವ್ವ ನಕ್ಕಳು. ಮಾಸ್ತರನೂ ನಕ್ಕ. ಅಪ್ಪ ಮಾತು ನಿಲ್ಲಿಸಿ, ಏನಾತು, ಏನು ಬಿತ್ತು ಎಂದು ಎಲ್ಲರನ್ನೂ ನೋಡುತ್ತಿದ್ದ. ನಾನು ಅವನ ಎದುರಿಗೆ, ಕನ್ನಡಿ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ ಇದ್ದೆ. ಕಾಲು ಸಿಡಿದಾಗ ನಾನು ನೋಡುತ್ತಿದ್ದದ್ದು ಅವನ ಮುಖವನ್ನು. ಅದು ಮದ್ದಳೆಯವನ ಕಥೆ ಹೇಳುವ ಮುಖವಾಗಿಯೇ ಇತ್ತು.

"ಮಾರಿಗೆ ಏನೂ ಆಗಲಿಲ್ಲ," ಎಂದೆ. "ಕಾಲು ಮೊದಲ ಜಿಗೀತು."

ನಾನು ಯಾರಿಗೂ ಪಾಠ ಹೇಳಲಿಲ್ಲ, ತಪ್ಪಾಗಿ ಬಿದ್ದದ್ದನ್ನು ತಪ್ಪೆಂದು ಹೇಳಿದೆ, ಅಷ್ಟೆ. ಆದರೆ ಮಾಸ್ತರ ನಗು ನಿಲ್ಲಿಸಿದ. ಆ ಪಾಠ ಅವನದೇ. ಮುಂದಕ್ಕೆ ಸರಿದು ಕೌದಿ ಸರಿಸಿದ. ಪಾದದ ಕೆಳಗಿನ ತೊಗಲು ಬೊಬ್ಬೆ ಎದ್ದು ಒಂದು ಕಡೆ ಸುಲಿದಿತ್ತು. ಮಾಸ್ತರ ಅಲ್ಲಿ ಬೆರಳಿನಿಂದ ಮುಟ್ಟಿ ಅಪ್ಪನ ಮುಖ ನೋಡಿದ. ಇನ್ನೊಮ್ಮೆ ಒತ್ತಿ ಮುಖ ನೋಡಿದ. ಅಪ್ಪ, ಯಾಕ್ರಿ ಮಾಸ್ತರ ಎಂದ.

"ಇದು ಸೋಗಲ್ಲಪ್ಪ," ಮಾಸ್ತರ ದೊಡ್ಡಪ್ಪನಿಗೆ ಹೇಳಿದ. "ಇದನ್ನ ಮಾಡಾಕ ನನಗೂ ಬರಂಗಿಲ್ಲ."

ಆಯಿ ಚೀಲ ಹಿಡಿದು ಎದ್ದು ಬಂದು ಪಾದ ನೋಡಿದಳು. ದೊಡ್ಡವ್ವ ಕಸಬರಿಗೆ ತಂದು ತೌಡು ಗುಡಿಸತೊಡಗಿದಳು. ದೊಡ್ಡಪ್ಪ ಅಲ್ಲಾಡಲಿಲ್ಲ. ಅವನ ಎರಡೂ ಅಂಗೈ ಇನ್ನೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಕೊನೆಗೆ ಅವನಿಗೆ ಹೊಳೆದದ್ದು ಬೈಗಳೇ.

"ಸುಡಾಕತ್ತೈತಿ ಅಂತ ಬಾಯಿಬಿಟ್ಟು ಹೇಳಬಾರದಾಗಿತ್ತೇನಲೇ?"

ಅಪ್ಪ ತನ್ನ ಪಾದವನ್ನು ಇನ್ನೊಬ್ಬರ ಪಾದ ನೋಡುವಂತೆ ನೋಡುತ್ತಿದ್ದ. ತಲೆ ಎತ್ತದೆ ಹೇಳಿದ.

"ಗೊರೇಬಾಳದಾಗ ಹೇಳಿದ್ನಲ್ಲಣ್ಣ, ಕಾಲು ಇಲ್ಲ ಅಂತ. ನೀ ಚಪ್ಪಾಳಿ ಹೊಡದಿ."

ಆ ಮೇಲೆ ಏನಾಯಿತೆಂದು ಕೇಳುವವರು ಕ್ಷಮೆಯ ಮಾತನ್ನು ನಿರೀಕ್ಷಿಸುತ್ತಾರೆ. ನನ್ನ ಬಳಿ ಅಂಥದ್ದಿಲ್ಲ. ಆ ಮನೆಯಲ್ಲಿ ಯಾರೂ ಯಾರನ್ನೂ ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಕೊಡುವವರೂ ಇರಲಿಲ್ಲ. ಸ್ವಲ್ಪ ದಿನದಲ್ಲೇ ನಾವು ಮಸ್ಕಿಗೆ, ಸೋದರಮಾವನ ಮನೆಗೆ ಹೋದೆವು. ಅಲ್ಲಿ ಎತ್ತುವವರಿದ್ದರು, ಹುಣ್ಣು ಮಾಯಿತು, ಅಪ್ಪ ಕೂತಲ್ಲೇ ಕೂತು ಬಹುಕಾಲ ಬಾಳಿದ, ಊರ ಹುಡುಗರಿಗೆ ಬೀಳುವುದನ್ನು ಕಲಿಸಿದ. ತುರ್ವಿಹಾಳದ ಮನೆಗೆ ನಾನು ಮತ್ತೆ ಹೋಗಿದ್ದೇನೆ, ಮದುವೆಗೆ, ಮಣ್ಣಿಗೆ. ಯಾವಾಗ ಹೋದರೂ ಕಾಣುವುದು ಅಮಾವಾಸ್ಯೆಯ ಮರುದಿನದ ಬೆಳಗು.

ಆ ಬೆಳಿಗ್ಗೆ ಅವ್ವ ಸೀರೆ ಮಡಿಸುತ್ತಿದ್ದಾಗ ದೊಡ್ಡಪ್ಪ ಪಡಸಾಲೆಗೆ ಬಂದ. ಟವೆಲನ್ನು ಸೊಂಟಕ್ಕೆ ಬಿಗಿದು, ತೋಳು ಮೇಲೇರಿಸಿ, ಚೀಲ ಎತ್ತುವವನ ಹಾಗೆ ಅಪ್ಪನ ಪಕ್ಕ ಬಗ್ಗಿದ. ಅವ್ವ ನಡುವೆ ಬಂದು ನಿಂತಳು. ಆವರೆಗೆ ಅವಳು ಅವನ ಎದುರು ತಲೆಯ ಮೇಲೆ ಸೆರಗಿಲ್ಲದೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಯಾರೂ ಎತ್ತಂಗಿಲ್ಲ," ಎಂದಳು. "ನಿಮ್ಮದ ಹುಕುಂ ಐತ್ರಿ."

ದೊಡ್ಡಪ್ಪನ ಹಿಂದೆ ದೊಡ್ಡವ್ವ ಹೊಸ ತೌಡಿನ ಗಂಟು ಹಿಡಿದು ನಿಂತಿದ್ದಳು, ಈ ಸಲ ಬರಿಗೈಯಲ್ಲಿ. ಹಿಂದಿನ ದಿನ ಏನೂ ಆಗಿಲ್ಲವೆಂಬಂತೆ ದಿನದ ಕೆಲಸಕ್ಕೆ ತೊಡಗುವುದು ಆ ಮನೆಯವರ ದೊಡ್ಡ ಕಲೆ. ಅವ್ವ ಗಂಟನ್ನು ಅವಳ ಕೈಯಿಂದ ಕಿತ್ತುಕೊಂಡು, ಕಟ್ಟೆ ಇಳಿದು, ಎಮ್ಮೆಯ ಗೋದಲಿಯ ಮುಂದೆ ನಿಂತು ಬಿಚ್ಚಿದಳು. ಅಪ್ಪ ಪಡಸಾಲೆಯಿಂದಲೇ ಕೂಗಿದ.

"ಆರಿಸಿ ಹಾಕಬೇ. ಎಮ್ಮಿಗೆ ಬಿಸಿ ತಿಳೀತೈತಿ."

ಅವ್ವ ಆರಿಸಿ ಹಾಕಿ ಬಂದಳು. ಸೀರೆ ತೂರಿಸಿ ತಲೆಯ ಕಡೆ ಅವಳು ಹಿಡಿದಳು, ಕಾಲಿನ ಕಡೆ ನಾನು. ದೊಡ್ಡಪ್ಪ ಅಡಿಗೆಮನೆಯ ಹೊಸ್ತಿಲಿನ ಪಕ್ಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಆ ದೊಡ್ಡ ಕೈಗಳು ಎರಡೂ ಕಡೆ ಜೋತಿದ್ದವು. ಹೊಸ್ತಿಲಿನ ಮೇಲೆ ಎಳೆಯುವಾಗ ಅಪ್ಪನ ಬಲಗಾಲು ಜಾಡಿಸಿ ದೊಡ್ಡಪ್ಪನ ಮೊಳಕಾಲಿಗೆ ಬಲವಾಗಿ ಒದೆಯಿತು. ಅವನು ಕಾಲಿನ ಕಡೆ ನೋಡಲಿಲ್ಲ. ಬಗ್ಗಿ ಅಪ್ಪನ ಮಾರಿ ನೋಡಿದ.

ಅಲ್ಲಿ ಒದ್ದ ಸುಳಿವೇ ಇರಲಿಲ್ಲ.